ದಡ್ಡತನವಲ್ಲ, ಭಾಷೆಯ ತೊಡಕು

ಪಿಯುಸಿ ವಿಜ್ಞಾನ ತರಗತಿಗಳು ಆರಂಭವಾದ ಒಂದೆರಡು ತಿಂಗಳಲ್ಲಿ ತಲೆನೋವು, ಹೊಟ್ಟೆ ತೊಳಸುವುದು, ನಿದ್ರೆ ಬಾರದಿರುವುದು ಎಂದು ವೈದ್ಯರ ಬಳಿಗೆ ಬರುವ ವಿದ್ಯಾರ್ಥಿಗಳು ಕಡಿಮೆಯಲ್ಲ. ಎಷ್ಟೋ ಸಲ ಪರೀಕ್ಷಿಸಿದರೆ ದೇಹದಲ್ಲಿ ದೋಷವೇನೂ ಕಾಣುವುದಿಲ್ಲ. ಪೋಷಕರು ಜ್ಞಾಪಕಶಕ್ತಿಗೆ ಟಾನಿಕ್ ಕೇಳುತ್ತಾರೆ. ಅವರು ಹೊರಗೆ ಹೋದ ಮೇಲೆ ನಿಜವಾದ ದೂರು ಹೊರಬೀಳುತ್ತದೆ: 'ಕ್ಲಾಸಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ನಾನೊಬ್ಬನೇ ದಡ್ಡ.'

ಇವರಲ್ಲಿ ಅನೇಕರು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಕಲಿತು ಒಳ್ಳೆಯ ಅಂಕ ಪಡೆದವರೇ. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಬಲ್ಲ ಹುಡುಗಿ 'ಫೋಟೊಸಿಂಥೆಸಿಸ್' ಎಂದೊಡನೆ ತಬ್ಬಿಬ್ಬಾಗುತ್ತಾಳೆ. ಅವಳ ಮಿದುಳು ಅನುವಾದ, ಪಾಠ ಎರಡನ್ನೂ ಒಮ್ಮೆಗೇ ನಿಭಾಯಿಸಬೇಕು. ಒಂದೇ ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳುವ ವಿಷಯಕ್ಕೆ ಯಾರಲ್ಲಿಯೂ ಮಿತಿಯುಂಟು. ಇದು ಹೊರೆಯ ಸಮಸ್ಯೆ, ಬುದ್ಧಿಯದಲ್ಲ.

ಕೀಳರಿಮೆ ಯೋಗ್ಯತೆಯ ಅಳತೆಗೋಲೂ ಅಲ್ಲ. ಸಾಧನೆ ಮಾಡಿದ ಮಹಿಳೆಯರೂ ತಮ್ಮನ್ನು ಅನರ್ಹರೆಂದೇ ಭಾವಿಸುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿಯೇ ವಿವರಿಸಿದ್ದರು. ತರಗತಿಯಲ್ಲಿ ಸುಮ್ಮನೆ ಕುಳಿತವರಿಗೆಲ್ಲ ಪಾಠ ಅರ್ಥವಾಗಿದೆ ಎಂದು ತಿಳಿಯಬೇಡಿ. ಅವರೂ ನಿಮ್ಮ ಮೌನವನ್ನು ಹಾಗೆಯೇ ಓದುತ್ತಿರಬಹುದು.

ಹಾಗಾದರೆ ಏನು ಮಾಡಬೇಕು? ನಾಳೆಯ ಪಾಠದ ಹತ್ತು ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಇಂದೇ ಬರೆದುಕೊಳ್ಳಿ. ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿರಿ. ಹೀಗೆ ಮಾಡಿದವರು ಮತ್ತೆ ಮತ್ತೆ ಓದಿದವರಿಗಿಂತ ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರೆಂದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದ್ದಾರೆ. ನಿದ್ದೆಗೆಟ್ಟು ಓದಬೇಡಿ, ಕಲಿತದ್ದು ಗಟ್ಟಿಯಾಗುವುದು ನಿದ್ರೆಯಲ್ಲಿ. ಈ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ರೆ ಬೇಕು.

ಆದರೆ ಭಾರವನ್ನೆಲ್ಲ ಮಕ್ಕಳ ಮೇಲೆಯೇ ಹೊರಿಸುವುದು ಅನ್ಯಾಯ. ಮೊದಲ ತಿಂಗಳು ಉಪನ್ಯಾಸಕರು ಇಂಗ್ಲಿಷ್ ಪದದ ಜೊತೆಗೆ ಕನ್ನಡ ಪದವನ್ನೂ ಹೇಳಿದರೆ ಪಾಠವೇನೂ ಹಿಂದೆ ಬೀಳದು. 'ಇಷ್ಟೂ ಗೊತ್ತಿಲ್ಲವೆ?' ಎಂಬ ಒಂದು ಮಾತು ಮಾತ್ರ ವರ್ಷವಿಡೀ ಪ್ರಶ್ನೆ ಕೇಳದಂತೆ ಬಾಯಿ ಕಟ್ಟಬಲ್ಲದು. ತಂದೆತಾಯಿಯರು ಟಾನಿಕ್ಕಿನ ಹಣ ಉಳಿಸಿ, ಪಕ್ಕದ ಮನೆಯ ಮಗುವಿನ ಅಂಕಗಳ ಸುದ್ದಿ ಬಿಡಲಿ.

ಎರಡು ವಾರಕ್ಕೂ ಹೆಚ್ಚು ಕಾಲ ಮಂಕು ಕವಿದಿದ್ದರೆ, ಊಟ-ನಿದ್ರೆ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾಲೇಜು ಬದಲಿಸಬಹುದು, ವಿಷಯವನ್ನೂ ಬದಲಿಸಬಹುದು; ಮಗುವಿಗೆ ಬದಲಿಯಿಲ್ಲ.