ಹೆಸರಿನ ಹೆಮ್ಮೆ, ಲೆಕ್ಕದ ಹೊಣೆ

ಮೊಬೈಲ್‌ನಲ್ಲಿ ಯಾವ ಸುದ್ದಿ ಮೊದಲು ಕಾಣಬೇಕೆಂಬುದನ್ನು ಇಂದು ‘ಅಲ್ಗಾರಿದಮ್’ ನಿರ್ಧರಿಸುತ್ತಿದೆ. ಹಂತಹಂತವಾಗಿ ಲೆಕ್ಕ ಬಿಡಿಸುವ ವಿಧಾನ ಎಂಬುದು ಅದರ ಅರ್ಥ. ಆದರೆ ಮೂಲತಃ ಅದು ಓರ್ವ ವ್ಯಕ್ತಿಯ ಹೆಸರು. ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ 9ನೇ ಶತಮಾನದಲ್ಲಿ, ಖಲೀಫ ಮಾಮೂನರ ಆಶ್ರಯದಲ್ಲಿ, ಬಗ್ದಾದಿನಲ್ಲಿದ್ದ ವಿದ್ವಾಂಸರು. ಭಾರತೀಯ ಅಂಕಿಗಳ ಕುರಿತ ಅವರ ಗ್ರಂಥ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಭಾಷಾಂತರಗೊಂಡಾಗ ಅವರ ಹೆಸರು ‘ಅಲ್ಗೊರಿತ್ಮಿ’ ಎಂದಾಯಿತು. ಕ್ರಮೇಣ ಆ ಹೆಸರೇ ಲೆಕ್ಕದ ವಿಧಾನಕ್ಕೆ ಅಂಟಿಕೊಂಡಿತು.

ಭಾರತದಿಂದ ಕಲಿತದ್ದನ್ನು ಭಾರತದ್ದೆಂದು ಹೇಳಲು ಖ್ವಾರಿಝ್ಮಿ ಹಿಂಜರಿಯಲಿಲ್ಲ. ಅದೇ ಶತಮಾನದಲ್ಲಿ, ನಮ್ಮ ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಅಮೋಘವರ್ಷನ ಆಳ್ವಿಕೆಯಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದರು. ವರ್ತಕ ಸುಲೈಮಾನರ ಹೆಸರಿನಲ್ಲಿ ಉಳಿದುಬಂದಿರುವ 851ರ ಅರಬಿ ವೃತ್ತಾಂತವು ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಜ್ಞಾನಕ್ಕೆ ಧರ್ಮದ ಗೋಡೆಯಿಲ್ಲ ಎಂಬುದನ್ನು ಈ ನೆಲವೂ ಬಲ್ಲದು.

ಈ ಚರಿತ್ರೆಯನ್ನು ವೇದಿಕೆಗಳಲ್ಲಿ ಹೇಳಿ ಹೆಮ್ಮೆಪಡುವುದು ಸುಲಭ. ಆದರೆ ಖ್ವಾರಿಝ್ಮಿ ಮಾಡಿದ ಲೆಕ್ಕಗಳು ಯಾವುವು? ‘ಆಲ್ಜೀಬ್ರಾ’ ಎಂಬ ಪದಕ್ಕೆ ಮೂಲವಾದ ಅವರ ‘ಅಲ್ ಜಬ್ರ್’ ಗ್ರಂಥದ ದೊಡ್ಡ ಭಾಗವು ವಾರಸಾ ಹಂಚಿಕೆಗೇ ಮೀಸಲಾಗಿದೆ. ಪತಿ, ಓರ್ವ ಪುತ್ರ ಮತ್ತು ಮೂವರು ಪುತ್ರಿಯರನ್ನು ಬಿಟ್ಟು ಮಹಿಳೆಯೊಬ್ಬಳು ನಿಧನಳಾದರೆ, ಸಾಲ ಮತ್ತು ಉಯಿಲು ತೀರಿದ ಬಳಿಕ ಉಳಿದ ಆಸ್ತಿ 20 ಪಾಲಾಗುತ್ತದೆ: ಪತಿಗೆ 5, ಪುತ್ರನಿಗೆ 6, ಪ್ರತಿಯೊಬ್ಬ ಪುತ್ರಿಗೆ 3.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಎಷ್ಟು ಮನೆಗಳಲ್ಲಿ ಆ ಮೂರು ಪಾಲು ಮಗಳ ಕೈ ಸೇರಿದೆ? ಮದುವೆಗೆ ಖರ್ಚು ಮಾಡಿದೆವು ಎಂಬುದು ಸಹೋದರರ ನೆಪ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಲ್ಲಿ ಆಕೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಇದನ್ನು ಸಮ್ಮತಿ ಎನ್ನಲಾದೀತೆ? ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ನಿಗದಿಪಡಿಸಿದ ಪಾಲು ಸಹೋದರನ ಔದಾರ್ಯವಲ್ಲ, ಅಲ್ಲಾಹನ ಆಜ್ಞೆ. ವೈಯಕ್ತಿಕ ಕಾನೂನಿನ ರಕ್ಷಣೆಗಾಗಿ ಬೀದಿಗಿಳಿಯುವ ನಾವು, ಅದೇ ಕಾನೂನು ಮಗಳಿಗೆ ಕೊಟ್ಟದ್ದನ್ನು ಮನೆಯೊಳಗೆ ಕಸಿದುಕೊಂಡರೆ ಸರಕಾರದ ಮುಂದೆ ನಮ್ಮ ಮಾತಿಗೆ ಯಾವ ಬೆಲೆ?

ಮಸೀದಿ ಕಮಿಟಿಗಳು ಈ ವಿಷಯವನ್ನು ಜುಮಾ ಖುತ್ಬಾಕ್ಕೆ ತರಲಿ. ಮರಣ ಸಂಭವಿಸಿದ ಮನೆಗೆ ಸಾಂತ್ವನದೊಂದಿಗೆ ಪಾಲಿನ ಪಟ್ಟಿಯೂ ತಲುಪಲಿ. ಹೆಣ್ಣುಮಕ್ಕಳು ಗಣಿತವನ್ನೂ ಕಂಪ್ಯೂಟರನ್ನೂ ಕಲಿಯಲಿ. ತಮ್ಮ ಪಾಲನ್ನು ತಾವೇ ಲೆಕ್ಕ ಹಾಕುವಂತಾಗಲಿ. ಖ್ವಾರಿಝ್ಮಿಯವರ ಹೆಸರನ್ನು ಜಗತ್ತು ಉಳಿಸಿಕೊಂಡಿದೆ. ಅವರ ಲೆಕ್ಕವನ್ನು ಪಾಲಿಸಬೇಕಾದವರು ನಾವು.