ಮೊದಲ ಸ್ಥಾನದ ಮಕ್ಕಳ ಮೌನ



ಮನೆಯ ಮಗುವೊಂದು ದೇಶದ ಹೆಸರಾಂತ ವಿದ್ಯಾಲಯಕ್ಕೆ ಆಯ್ಕೆಯಾಯಿತೆಂದರೆ ಅದು ಒಂದು ಮನೆಯ ಸಂತೋಷವಾಗಿ ಉಳಿಯುವುದಿಲ್ಲ. ಓಣಿಯ ಸಂತೋಷವಾಗುತ್ತದೆ, ಊರಿನ ಸಂತೋಷವಾಗುತ್ತದೆ. ತಿಕೋಟಾ, ಬಬಲೇಶ್ವರದಂತಹ ಊರುಗಳಲ್ಲಿ ಶಾಲೆಯಲ್ಲಿ ಸತ್ಕಾರ, ಮಠದಲ್ಲಿ ಸನ್ಮಾನ, ಬಸ್ ನಿಲ್ದಾಣದ ಬಳಿ ಭಾವಚಿತ್ರದ ಬ್ಯಾನರು. ಈ ಸಂಭ್ರಮದಲ್ಲಿ ತಪ್ಪೇನೂ ಇಲ್ಲ. ನಮ್ಮದು ವಿದ್ಯೆಗಾಗಿ ಹಸಿದಿದ್ದ ಜಿಲ್ಲೆ. 1904ರಲ್ಲಿ ವಕೀಲಿ ವೃತ್ತಿಗೆಂದು ವಿಜಯಪುರಕ್ಕೆ ಬಂದ ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದಾಗ, ಹಳ್ಳಿಯ ಮಗು ಹೈಸ್ಕೂಲಿನ ಮೆಟ್ಟಿಲು ಹತ್ತುವುದೇ ದೊಡ್ಡ ಮಾತಾಗಿತ್ತು. ಇಂದು ಆ ಹಳ್ಳಿಗಳ ಮಕ್ಕಳೇ ಐಐಟಿ, ಎನ್‌ಐಟಿ, ಭಾರತೀಯ ವಿಜ್ಞಾನ ಸಂಸ್ಥೆಗಳ ಬಾಗಿಲನ್ನು ದಾಟುತ್ತಿದ್ದಾರೆ.

ಆದರೆ ಆ ಬ್ಯಾನರು ಬಿಸಿಲಿಗೆ ಬಣ್ಣಗೆಡುವ ಹೊತ್ತಿಗೆ, ದೂರದ ಹಾಸ್ಟೆಲಿನ ಕೋಣೆಯಲ್ಲಿ ಆ ಮಗುವಿನ ಮನಸ್ಸು ಹೇಗಿದೆ ಎಂದು ಕೇಳುವವರು ವಿರಳ. ಈ ತಿಂಗಳ ಅಂಕಣವನ್ನು ಆ ಒಂದು ಪ್ರಶ್ನೆಗೆ ಮೀಸಲಿಡುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾದದ್ದು. ನಾಡಿನ ಹೆಮ್ಮೆಯ ವಿದ್ಯಾಕೇಂದ್ರ. 2021ರ ಡಿಸೆಂಬರಿನಲ್ಲಿ ಆ ಸಂಸ್ಥೆ ತನ್ನ ಹಾಸ್ಟೆಲ್ ಕೋಣೆಗಳ ಛಾವಣಿಯ ಫ್ಯಾನುಗಳನ್ನು ತೆಗೆಸಿ ಗೋಡೆಯ ಫ್ಯಾನುಗಳನ್ನು ಹಾಕಿಸತೊಡಗಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪಾಯದ ಗಳಿಗೆಯಲ್ಲಿ ಸಾಧನವನ್ನು ದೂರವಿಡುವುದರಿಂದ ಜೀವಗಳು ಉಳಿಯುತ್ತವೆಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತೇ. ಆದುದರಿಂದ ಆ ಕ್ರಮವನ್ನು ಹಳಿಯುವುದು ಸಲ್ಲದು. ಆದರೆ ಅಂತಹ ಕ್ರಮವೊಂದು ಬೇಕಾಯಿತೆಂಬುದೇ ಹೆತ್ತವರನ್ನು ಎಚ್ಚರಿಸಬೇಕು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 2021ರಲ್ಲಿ 13,089, 2022ರಲ್ಲಿ 13,044. ಇದು ದೇಶದ ಎಲ್ಲ ಬಗೆಯ ಶಾಲಾ ಕಾಲೇಜುಗಳನ್ನೂ ಒಳಗೊಂಡ ಲೆಕ್ಕ. ಅವರಲ್ಲಿ ದೊಡ್ಡ ವಿದ್ಯಾಲಯಗಳ ಮಕ್ಕಳು ಒಂದು ಪಾಲು ಮಾತ್ರ. ಆದರೂ ದೊಡ್ಡ ಹೆಸರು ಯಾರನ್ನೂ ಕಾಯುವುದಿಲ್ಲವೆಂಬುದು ಸ್ಪಷ್ಟ. 2023ರಲ್ಲಿ ದೆಹಲಿಯ ಐಐಟಿಯಲ್ಲಿ ಮರಣಿಸಿದ ಇಬ್ಬರು ವಿದ್ಯಾರ್ಥಿಗಳ ಹೆತ್ತವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಮಾರ್ಚಿನಲ್ಲಿ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು. ಅದೇ ವರ್ಷದ ಜುಲೈನಲ್ಲಿ ಬೇರೊಂದು ಪ್ರಕರಣದಲ್ಲಿ ವಿದ್ಯಾಸಂಸ್ಥೆಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಅನ್ವಯಿಸುವ ಮಾರ್ಗಸೂಚಿಗಳನ್ನು ವಿಧಿಸಿತು. ದೇಶದ ಅತ್ಯುನ್ನತ ನ್ಯಾಯಪೀಠ ಚಿಂತಿಸಿದ ವಿಷಯವನ್ನು ನಮ್ಮ ಪಡಸಾಲೆಯಲ್ಲಿಯೂ ಚಿಂತಿಸುವುದು ಅವಶ್ಯ.

ಜಾಣ ಮಕ್ಕಳಿಗೆ ಈ ಬಳಲಿಕೆ ಏಕೆ? ಮೊದಲ ಕಾರಣ ಸರಳವಾದ ಗಣಿತ. ಊರಿಗೊಬ್ಬರಂತೆ ಮೊದಲ ಸ್ಥಾನದವರನ್ನು ಆರಿಸಿ ನೂರು ಜನರನ್ನು ಒಂದೇ ತರಗತಿಯಲ್ಲಿ ಕೂರಿಸಿದರೆ, ಅವರಲ್ಲಿ ಐವತ್ತು ಜನ ಕೆಳಗಿನ ಅರ್ಧದಲ್ಲಿ ಇರಲೇಬೇಕು. ಯಾರೂ ದಡ್ಡರಾಗಿಲ್ಲ, ಯಾರೂ ಸೋಮಾರಿಗಳಾಗಿಲ್ಲ, ಎಣಿಕೆಯೇ ಹಾಗೆ. ಇಂತಹ ಸಂಸ್ಥೆಗಳಲ್ಲಿ ಅನೇಕ ವಿಷಯಗಳ ಶ್ರೇಣಿಯನ್ನು ಸಹಪಾಠಿಗಳ ಅಂಕಗಳೊಡನೆ ಹೋಲಿಸಿಯೇ ನಿರ್ಧರಿಸುತ್ತಾರೆ. ಹತ್ತನೆಯ ತರಗತಿಯವರೆಗೆ ಎರಡನೆಯ ಸ್ಥಾನವನ್ನೇ ಕಾಣದ ಮಗು ಮೊದಲ ಸೆಮಿಸ್ಟರಿನಲ್ಲಿ ಎಪ್ಪತ್ತನೆಯದಾಗುತ್ತದೆ. ‘ನಾನು ಜಾಣ’ ಎಂಬುದೊಂದೇ ತನ್ನ ಗುರುತೆಂದು ನಂಬಿ ಬೆಳೆದ ಮಗುವಿಗೆ ಆ ದಿನ ಕೇವಲ ಅಂಕ ಹೋಗುವುದಿಲ್ಲ, ತಾನು ಯಾರೆಂಬ ತಿಳಿವೇ ಅಲುಗುತ್ತದೆ. ಆ ಗುರುತನ್ನು ಕೊಟ್ಟವರು ನಾವೇ ಎಂಬುದನ್ನು ಮರೆಯಬಾರದು.

ಎರಡನೆಯದು ಭಾಷೆ. 2021ರಿಂದ ಜೆಇಇ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ, ಅದು ಸ್ವಾಗತಾರ್ಹ. ಆದರೆ ಐಐಟಿ ಪ್ರವೇಶದ ಮುಂದಿನ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ನಡೆಯುತ್ತದೆ, ಪಾಠವೋ ಇಂಗ್ಲಿಷಿನಲ್ಲಿ. ಬಬಲೇಶ್ವರದ ಕನ್ನಡ ಶಾಲೆಯಲ್ಲಿ ಧೈರ್ಯವಾಗಿ ಕೈಯೆತ್ತುತ್ತಿದ್ದ ಹುಡುಗಿ ಅಲ್ಲಿ ಸಂಶಯ ಬಂದರೂ ಕೈಯೆತ್ತುವುದಿಲ್ಲ. ವಿಷಯ ತಿಳಿಯದೆಯಲ್ಲ, ತನ್ನ ವಾಕ್ಯ ತಪ್ಪೀತೆಂಬ ಅಳುಕಿನಿಂದ. ಕೇಳದೆ ಉಳಿದ ಸಂಶಯಗಳು ವಾರದಿಂದ ವಾರಕ್ಕೆ ಬೆಟ್ಟವಾಗುತ್ತವೆ.

ಮೂರನೆಯದು ಹೇಳಲು ಕಹಿಯಾದದ್ದು. ‘ನಿನ್ನ ರ್‍ಯಾಂಕ್ ಎಷ್ಟು?’ ಎಂಬ ಪ್ರಶ್ನೆ ಹಾಸ್ಟೆಲುಗಳಲ್ಲಿ ಅನೇಕ ವೇಳೆ ಜಾತಿಯನ್ನು ತಿಳಿಯುವ ದಾರಿ. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ, 2023ರ ಫೆಬ್ರವರಿಯಲ್ಲಿ ಮುಂಬಯಿ ಐಐಟಿಯ ದರ್ಶನ್ ಸೋಲಂಕಿ ಪ್ರಾಣ ಕಳೆದುಕೊಂಡಾಗ ಈ ತಾರತಮ್ಯದ ಪ್ರಶ್ನೆ ದೇಶದ ಮುಂದೆ ಬಂದು ನಿಂತಿತು. ನಮ್ಮ ಮಕ್ಕಳು ಆ ಪ್ರಶ್ನೆಯಿಂದ ನೋಯುವವರು ಮಾತ್ರವಲ್ಲ, ಕೇಳುವವರೂ ಆಗಿರಬಹುದು. ಅನುಭವ ಮಂಟಪದ ಹೆಸರು ಹೇಳುವ ಮನೆಯಿಂದ ಹೋದ ಹುಡುಗ ಸಹಪಾಠಿಯ ಕುಲವನ್ನು ರ್‍ಯಾಂಕಿನ ಮರೆಯಲ್ಲಿ ಕೆದಕಿದರೆ, ನಾವು ಅವನಿಗೆ ಏನನ್ನು ಕಲಿಸಿ ಕಳಿಸಿದೆವು? ಕಳಿಸುವ ಮುನ್ನ ಈ ಮಾತನ್ನು ಮಗನಿಗೆ ಬಿಡಿಸಿ ಹೇಳುವುದು ಹೆತ್ತವರ ಹೊಣೆ.

ನಾಲ್ಕನೆಯ ಕಾರಣ ನಮ್ಮ ಮನೆಯೊಳಗೇ ಇದೆ. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರ. ಮಗನ ಓದಿಗೆ ಬ್ಯಾಂಕಿನಲ್ಲಿ ಸಾಲವಾಗಿದೆ. ಆ ವರ್ಷ ಒಣದ್ರಾಕ್ಷಿಗೆ ಬೆಲೆಯಿಲ್ಲ. ರಾತ್ರಿ ಫೋನು ಮಾಡುತ್ತಾನೆ.

‘ತಮ್ಮಾ, ಊಟ ಆತೇನು?’

‘ಆತಪ್ಪಾ.’

‘ಅಭ್ಯಾಸ ಹೆಂಗ ನಡದದ?’

‘ಚಲೋ ನಡದದ.’

‘ರೊಕ್ಕ ಬೇಕಾದ್ರ ಹೇಳು ಮತ್ತ.’

‘ಬ್ಯಾಡಪ್ಪಾ.’

ಎರಡು ನಿಮಿಷದಲ್ಲಿ ಮಾತು ಮುಗಿಯಿತು. ತಂದೆ ಸಾಲದ ಚಿಂತೆಯನ್ನು ಮಗನಿಂದ ಮುಚ್ಚಿಟ್ಟ; ಮಗ ಎರಡು ವಿಷಯಗಳಲ್ಲಿ ನಪಾಸಾದದ್ದನ್ನೂ, ಮೂರು ವಾರಗಳಿಂದ ನಿದ್ರೆಯಿಲ್ಲದ್ದನ್ನೂ ತಂದೆಯಿಂದ ಮುಚ್ಚಿಟ್ಟ. ಇಬ್ಬರೂ ಪ್ರೀತಿಯಿಂದಲೇ ಮುಚ್ಚಿಟ್ಟರು. ಗೋಲಗುಂಬಜದ ಮೊಗಸಾಲೆಯಲ್ಲಿ ಈ ಬದಿಯ ಪಿಸುಮಾತು ಆ ಬದಿಗೆ ಸ್ಪಷ್ಟವಾಗಿ ಕೇಳಿಸುತ್ತದೆಂದು ಬಂದ ನೆಂಟರಿಗೆಲ್ಲ ತೋರಿಸುವ ನಾವು, ಫೋನಿನ ಆ ಬದಿಯ ಪಿಸುಮಾತನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ.

ಇಲ್ಲಿ ಒಂದು ಭೇದವನ್ನು ಅರಿಯಬೇಕು. ಪರೀಕ್ಷೆಯ ಮುಂಚಿನ ಆತಂಕ, ಮನೆಯ ನೆನಪು ಇವು ರೋಗವಲ್ಲ. ದಿನ ಕಳೆದಂತೆ ತಿಳಿಯಾಗುತ್ತವೆ. ಆದರೆ ಎರಡು ವಾರಗಳಿಗೂ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರೆ ಕೆಡುವುದು ಅಥವಾ ಹಗಲೆಲ್ಲ ಮಲಗಿರುವುದು, ಊಟ ಬಿಡುವುದು, ಗೆಳೆಯರಿಂದ ದೂರ ಸರಿಯುವುದು, ಫೋನು ಎತ್ತದಿರುವುದು, ‘ನಾನು ನಿಮಗೆ ಭಾರ’ ಎನ್ನುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು ಇವು ಎಚ್ಚರಿಕೆಯ ಗಂಟೆಗಳು. ಮಾನಸಿಕ ಕಾಯಿಲೆಗಳಲ್ಲಿ ಬಹುಪಾಲು 25 ವರ್ಷದೊಳಗೇ ಮೊದಲು ತಲೆದೋರುತ್ತವೆ. ಅಂದರೆ ಮಗು ಮನೆಬಿಟ್ಟು ಓದುವ ವಯಸ್ಸೇ ಅಪಾಯದ ವಯಸ್ಸು. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುತೇಕರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಖಿನ್ನತೆಯು ಮನೋಬಲದ ಕೊರತೆಯಲ್ಲ, ಭಕ್ತಿಯ ಕೊರತೆಯೂ ಅಲ್ಲ. ಮಧುಮೇಹದಂತೆ, ರಕ್ತದೊತ್ತಡದಂತೆ ಅದೂ ಒಂದು ಕಾಯಿಲೆ. ಸಮಾಲೋಚನೆ ಮತ್ತು ಔಷಧಿಗಳಿಂದ ಗುಣ ಕಾಣುವಂಥದು. ಔಷಧಿ ತನ್ನ ಗುಣ ತೋರಲು ಕೆಲವು ವಾರಗಳು ಹಿಡಿಯುತ್ತವೆ. ‘ನಾಲ್ಕು ದಿನವಾದರೂ ಆರಾಮಾಗಲಿಲ್ಲ’ ಎಂದು ನಡುವೆ ನಿಲ್ಲಿಸಬಾರದು. ಪೂಜೆ, ಧ್ಯಾನಗಳು ಮನಸ್ಸಿಗೆ ಆಸರೆಯಾಗಲಿ. ವೈದ್ಯರ ಬದಲಿಗೆ ಅವುಗಳನ್ನು ನಿಲ್ಲಿಸುವುದು ಬೇಡ.

ಇನ್ನು ಮಾಡತಕ್ಕದ್ದೇನು?

ಮಗುವನ್ನು ಕಳಿಸುವ ದಿನವೇ ಹೇಳಿಬಿಡಿ: ‘ಅಲ್ಲಿ ನೀ ಮೊದಲನೇದಂವ ಆಗಬೇಕಂತಿಲ್ಲ. ಬ್ಯಾಸರ ಆದ್ರ ಮನಿಗಿ ಬಾ, ಮನಿ ಎಲ್ಲಿಗೂ ಹೋಗೂದಿಲ್ಲ.’ ಈ ಮಾತಿನಿಂದ ಮಗು ಸೋಮಾರಿಯಾಗುವುದಿಲ್ಲ. ಕೆಳಗೆ ಜಾಲರಿಯಿದೆಯೆಂದು ತಿಳಿದವನು ಹಗ್ಗದ ಮೇಲೆ ಅಂಜದೆ ನಡೆಯುತ್ತಾನೆ.

ಫೋನಿನಲ್ಲಿ ಅಂಕವನ್ನು ಬಿಟ್ಟು ಬೇರೆಯದನ್ನು ಕೇಳಿ. ಊಟಕ್ಕೆ ಜೊತೆಗೆ ಯಾರು ಕೂಡುತ್ತಾರೆ, ನಿದ್ದೆ ಬರುತ್ತದೆಯೇ, ಸಂಜೆ ಆಡಲು ಹೋಗುವೆಯಾ. ಉತ್ತರ ಚುಟುಕಾದರೆ ಇಟ್ಟುಬಿಡಬೇಡಿ. ಸ್ವಲ್ಪ ಹೊತ್ತು ಸುಮ್ಮನಿರಿ. ಮಾತು ತಾನಾಗಿ ಬರುತ್ತದೆ. ಮನೆಯ ಕಷ್ಟವನ್ನೂ ಹಿತಮಿತವಾಗಿ ತಿಳಿಸಿ; ‘ನಿನ್ನ ಮೇಲೇ ಎಲ್ಲ ನಿಂತಿದೆ’ ಎಂಬ ಮಾತನ್ನು ಮಾತ್ರ ಆಡಬೇಡಿ.

ಅನುಮಾನ ಬಂದರೆ ನೇರವಾಗಿ ಕೇಳಿ: ‘ಸಾಯಬೇಕನ್ನೂ ವಿಚಾರ ಮನಸಿನ್ಯಾಗ ಬಂದದೇನು?’ ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ನಾವೇ ತಲೆಗೆ ಹಾಕಿದಂತಾಗುವುದೆಂದು ಅನೇಕರು ಅಂಜುತ್ತಾರೆ. ಅದು ನಿಜವಲ್ಲ, ಕೇಳುವುದರಿಂದ ಮಗುವಿನ ಎದೆಯ ಭಾರ ಇಳಿಯುತ್ತದೆಂಬುದೇ ತಜ್ಞರ ಅನುಭವ. ‘ಹೌದು’ ಎಂಬ ಉತ್ತರ ಬಂದರೆ ಬೈಯಬೇಡಿ, ಅತ್ತು ಕರೆದು ಆಣೆ ಹಾಕಿಸಬೇಡಿ. ಹಾಸ್ಟೆಲಿನ ವಾರ್ಡನ್ನರಿಗೆ, ಹತ್ತಿರದ ಗೆಳೆಯರಿಗೆ ಆ ಕ್ಷಣವೇ ತಿಳಿಸಿ, ಮಗುವನ್ನು ಒಂಟಿಯಾಗಿ ಬಿಡದಂತೆ ಕೋರಿ, ಸಿಕ್ಕ ಮೊದಲ ಬಸ್ಸಿಗೋ ರೈಲಿಗೋ ಹೊರಡಿ.

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ಮಾತನಾಡಬಹುದು. ಮಗುವೂ ಮಾಡಬಹುದು, ಹೆತ್ತವರೂ ಮಾಡಬಹುದು. ವಿಜಯಪುರ ನಗರದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಹಳ್ಳಿಯವರಿಗೂ ಈ ಚಿಕಿತ್ಸೆ ಮುಟ್ಟಬೇಕೆಂದು 1980ರ ದಶಕದಲ್ಲಿಯೇ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ನಾಡು ದೇಶಕ್ಕೆ ಕೊಟ್ಟದ್ದನ್ನು ನಾವೇ ಬಳಸಲು ನಾಚಿದರೆ ಹೇಗೆ?

‘ಜನ ಏನೆಂದಾರು? ನಾಳೆ ಮದುವೆಗೆ ಅಡ್ಡಿಯಾದೀತು’ ಎಂಬ ಅಂಜಿಕೆಯೂ ಉಂಟು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರ ಗೌಪ್ಯವಾಗಿರುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಅದೇ ಕಾಯ್ದೆ ಹೇಳುತ್ತದೆ. ಕಾನೂನು ಕರುಣೆಯ ಕಡೆಗೆ ತಿರುಗಿರುವಾಗ ಓಣಿಯ ನಾಲಿಗೆ ಕಠಿಣವಾಗಿಯೇ ಉಳಿಯುವುದು ಸಲ್ಲದು.

ಬೇಕೆನಿಸಿದರೆ ಒಂದು ಸೆಮಿಸ್ಟರ್ ಬಿಡಿಸಿ ಮನೆಗೆ ಕರೆತನ್ನಿ. ವೈದ್ಯಕೀಯ ಕಾರಣಕ್ಕೆ ರಜೆ ಪಡೆದು ಮರಳಿ ಸೇರುವ ಅವಕಾಶ ಅನೇಕ ಸಂಸ್ಥೆಗಳಲ್ಲಿ ಇದೆ, ಹೋಗಿ ವಿಚಾರಿಸಿ. ‘ವರ್ಷ ಹಾಳಾಯಿತು’ ಎನ್ನುವವರಿಗೆ ನಮ್ಮ ದ್ರಾಕ್ಷಿ ಬೆಳೆಗಾರರೇ ಉತ್ತರ ಹೇಳಬಲ್ಲರು. ಏಪ್ರಿಲ್ ಚಾಟನಿ ಮಾಡಿದ ಬಳ್ಳಿಯಲ್ಲಿ ಆ ಕೂಡಲೇ ಗೊನೆಯನ್ನು ಯಾರೂ ಹುಡುಕುವುದಿಲ್ಲ. ಕಡ್ಡಿ ಬಲಿಯಲು ತಿಂಗಳುಗಟ್ಟಲೆ ಕಾಯುತ್ತಾರೆ. ಅಕ್ಟೋಬರ್ ಚಾಟನಿಯ ನಂತರವೇ ಹಣ್ಣು. ಬಳ್ಳಿಗೆ ಕೊಡುವ ಕಾಲವನ್ನು ಹೊಟ್ಟೆಯ ಮಗುವಿಗೆ ಕೊಡಲಾರೆವೇ? ಮರಳಿ ಹೋಗಲು ಮನಸ್ಸೇ ಇಲ್ಲವಾದರೆ ನಮ್ಮದೇ ಊರಿನ ಕಾಲೇಜಿನಲ್ಲಿ ಓದಿ ಬದುಕು ಕಟ್ಟಿಕೊಂಡವರು ಕಡಿಮೆಯಿಲ್ಲ. ಕಾಯಕಕ್ಕೆ ಗೌರವವಿರುವ ಸಮಾಜದಲ್ಲಿ ಪದವಿಯ ಮುದ್ರೆಯೊಂದೇ ಮನುಷ್ಯನ ಬೆಲೆಯಾಗಬಾರದು.

ಕೊನೆಯದಾಗಿ ಸಮಾಜದ ಹಿರಿಯರಿಗೆ ಒಂದು ವಿನಂತಿ. ಹಿಂದೆ ಹಳ್ಳಿಯ ಹುಡುಗರು ಪಟ್ಟಣಕ್ಕೆ ಓದಲು ಬಂದಾಗ ಮಠಗಳ ಪ್ರಸಾದ ನಿಲಯಗಳು ಅವರಿಗೆ ಅನ್ನ, ಆಸರೆ ಕೊಟ್ಟವು. ಅಲ್ಲಿ ಪಂಕ್ತಿಯಲ್ಲಿ ಒಬ್ಬ ಹುಡುಗ ಎರಡು ದಿನ ಕಾಣದಿದ್ದರೆ ‘ಅಂವ ಎಲ್ಲಿ?’ ಎಂದು ಕೇಳುವವರಿದ್ದರು. ಇಂದು ಆ ಪಂಕ್ತಿ ಬೆಂಗಳೂರು, ಮುಂಬಯಿ, ದೆಹಲಿಗಳಿಗೆ ಹರಡಿದೆ. ಆ ನಗರಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳು ತಮ್ಮ ಊರಿನ ಒಂದೊಂದು ಮಗುವನ್ನು ತಿಂಗಳಿಗೊಮ್ಮೆ ಮನೆಗೆ ಕರೆದು, ರೊಟ್ಟಿ ಪಲ್ಯ ಬಡಿಸಿ, ಅಂಕದ ಮಾತೆತ್ತದೆ ಕಳಿಸಿಕೊಡಲಿ. ಈ ಮಾಸಪತ್ರಿಕೆಯನ್ನು ಓದುವ ಮನೆಗಳಲ್ಲಿ ದೂರ ಓದುತ್ತಿರುವ ಮಕ್ಕಳಿದ್ದರೆ ಇಂದು ರಾತ್ರಿಯೇ ಫೋನು ಮಾಡಿ. ‘ಅಭ್ಯಾಸ ಹೆಂಗ ನಡದದ’ ಎಂದು ಕೇಳುವ ಮುನ್ನ ‘ನೀ ಹೆಂಗ ಅದೀ’ ಎಂದು ಕೇಳಿ.