ಹೋಗುವವರ ಬಾಕಿ, ಉಳಿದವರ ತಲೆಗೆ

ವಿದೇಶಕ್ಕೆ ಹೊರಟ ಪ್ರತಿಯೊಬ್ಬರೂ ಆದಾಯ ತೆರಿಗೆ ಇಲಾಖೆಯಿಂದ ಕ್ಲಿಯರೆನ್ಸ್ ಸರ್ಟಿಫಿಕೇಟ್ ತರಲೇಬೇಕಂತೆ ಎಂಬ ಮೆಸೇಜು ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಈ ವಾರ ಮತ್ತೆ ಓಡಾಡುತ್ತಿದೆ. 2024ರ ಬಜೆಟ್ಟಿನ ಬೆನ್ನಿಗೇ ಹುಟ್ಟಿದ ಈ ಸುಳ್ಳಿಗೆ ಅದೇ ಆಗಸ್ಟ್‌ನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಸ್ಪಷ್ಟನೆ ಕೊಟ್ಟಿತ್ತು. ಇಲ್ಲೇ ನೆಲೆಸಿದವರಿಗೆ ಆ ಪತ್ರ ಬೇಕಾಗುವುದು ಅಪರೂಪ. ಗಂಭೀರ ಹಣಕಾಸು ಅವ್ಯವಹಾರದ ತನಿಖೆಗೆ ಹಾಜರಿರಬೇಕಾದವರು, ಇಲ್ಲವೇ ತಡೆಯಾಜ್ಞೆಯಿಲ್ಲದ 10 ಲಕ್ಷ ರೂಪಾಯಿ ಮೀರಿದ ನೇರ ತೆರಿಗೆ ಬಾಕಿ ಇಟ್ಟುಕೊಂಡವರು ಮಾತ್ರ ಅದರ ವ್ಯಾಪ್ತಿಗೆ ಬರುತ್ತಾರೆ. ಅವರಿಂದಲೂ ಮುಖ್ಯ ಆಯುಕ್ತರ ಒಪ್ಪಿಗೆಯಿಲ್ಲದೆ ಕೇಳುವಂತಿಲ್ಲ. 2004ರಿಂದ ನಡೆದುಬಂದ ಕ್ರಮ ಇದು. ಈ ಗದ್ದಲದಲ್ಲಿ ನಿಜವಾದ ಪ್ರಶ್ನೆ ಮುಚ್ಚಿಹೋಯಿತು ಎಂಬುದೇ ನನ್ನ ಸಿಟ್ಟು. ದೇಶ ಬಿಡುವವರು ತೆರಿಗೆ ಲೆಕ್ಕ ಚುಕ್ತಾ ಮಾಡದೆ ಹೊರಟರೆ ಅದರ ಭಾರ ಹೊರುವವರು ಯಾರು?

ಇಲ್ಲಿಗೆ ದುಡಿಯಲು ಬಂದ ವಿದೇಶಿಯರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕೆಂದೇ ಇರುವ ಕಲಮಿನ ಪ್ರಕಾರ, ಇಲ್ಲಿ ಗಳಿಸಿದವರ ತೆರಿಗೆಯನ್ನು ತಾನು ಕಟ್ಟುತ್ತೇನೆಂದು ಉದ್ಯೋಗ ಕೊಟ್ಟ ಸಂಸ್ಥೆ ಮುಚ್ಚಳಿಕೆ ಬರೆದುಕೊಡಬೇಕು. ಆಮೇಲೆ ಇಲಾಖೆ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಪತ್ರವಿಲ್ಲದವರನ್ನು ಕರೆದೊಯ್ದ ವಿಮಾನ ಸಂಸ್ಥೆಯನ್ನೇ ಹೊಣೆ ಮಾಡುವ ಅವಕಾಶವೂ ಅಲ್ಲಿದೆ. ಸಿಂಗಪುರ ಈ ಹೊಣೆಯನ್ನು ಇನ್ನೂ ಬಿಗಿಯಾಗಿ ಕಂಪನಿಯ ಮೇಲೆ ಹಾಕಿದೆ. ವಿದೇಶಿ ನೌಕರ ಕೆಲಸ ಬಿಡುವ ಕನಿಷ್ಠ ಒಂದು ತಿಂಗಳು ಮೊದಲೇ ಕಂಪನಿ ತೆರಿಗೆ ಇಲಾಖೆಗೆ ತಿಳಿಸಿ, ಅವನಿಗೆ ಕೊಡಬೇಕಾದ ಹಣವನ್ನು ತಡೆದಿಟ್ಟುಕೊಳ್ಳಬೇಕು. ಅಲ್ಲಿ ದುಡಿದು ಬಂದ ನಮ್ಮ ಹುಡುಗರಿಗೆ ಇದು ಚೆನ್ನಾಗಿ ಗೊತ್ತು.

ಬಾಕಿ ಉಳಿಸಿ ಹೋಗುವವರಿಂದ ಆಗುವ ನಷ್ಟಕ್ಕೆ ಬೆಂಗಳೂರು ದೂರದ ಉದಾಹರಣೆ ಹುಡುಕಬೇಕಿಲ್ಲ. ನೌಕರರ ಸಂಬಳದಲ್ಲಿ ಹಿಡಿದ ತೆರಿಗೆಯನ್ನು ಕಟ್ಟಲಿಲ್ಲವೆಂದು ಇಲಾಖೆ 2012ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಬ್ಯಾಂಕ್ ಖಾತೆಗಳನ್ನು ತಡೆಹಿಡಿದಿತ್ತು. ಅದರ ಒಡೆಯ, ಆಗ ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿದ್ದ ವಿಜಯ್ ಮಲ್ಯ, 2016ರ ಮಾರ್ಚ್ 2ರಂದು ದೆಹಲಿಯಿಂದ ಲಂಡನ್ ವಿಮಾನ ಹತ್ತಿದರು. ಹಿಡಿದ ತೆರಿಗೆ ಖಜಾನೆ ಸೇರದಿದ್ದಾಗ ಜಮಾ ಸಿಗದೆ ನೋಟಿಸು ಎದುರಿಸಬೇಕಾದವನು ಸಂಬಳದ ನೌಕರ. ತಡೆಯಲೆಂದೇ ಇರುವ ಕಲಮು ತಡೆಯಬೇಕಾದ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಆದರೆ ಉತ್ತರ ಬೆಂಗಳೂರಿನಲ್ಲಿ ದಿನವೂ ನಡೆಯುವುದು ಇದಕ್ಕಿಂತ ಸಣ್ಣ, ಆದರೆ ಹೆಚ್ಚು ಮನೆಗಳನ್ನು ಮುಟ್ಟುವ ಕಥೆ. ಮಾನ್ಯತಾ ಟೆಕ್ ಪಾರ್ಕಿನ ಕೆಲಸ ಬಿಟ್ಟು ಹೊರಗೆ ಹೋಗುವವರು ಸಹಕಾರ ನಗರದಲ್ಲೋ ಥಣಿಸಂದ್ರದಲ್ಲೋ ಕೊಂಡ ಫ್ಲಾಟನ್ನು ಬಾಡಿಗೆಗೆ ಕೊಡುತ್ತಾರೆ. ಮಾಲೀಕ ಅನಿವಾಸಿಯಾದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರನೇ ಸೆಸ್ಸೂ ಸೇರಿ ಶೇಕಡಾ 31.2ರಷ್ಟು ತೆರಿಗೆ ಹಿಡಿದು ಕಟ್ಟಬೇಕು. 40,000 ರೂಪಾಯಿ ಬಾಡಿಗೆಯಲ್ಲಿ ತಿಂಗಳಿಗೆ 12,480 ರೂಪಾಯಿ. ಹಿಡಿಯದಿದ್ದರೆ ತಪ್ಪಿತಸ್ಥ ಬಾಡಿಗೆದಾರ, ಬಡ್ಡಿಯೂ ಅವನದೇ. ಫ್ಲಾಟ್ ಕೊಂಡವರ ಪಾಡೂ ಇದೇ. ಮಾರಿದವನು ಅನಿವಾಸಿ ಎಂದು ತಿಳಿಯದೆ ಶೇಕಡಾ 1ರಷ್ಟು ಮಾತ್ರ ಹಿಡಿದ ಖರೀದಿದಾರ ಉಳಿದದ್ದನ್ನು ತನ್ನ ಕೈಯಿಂದ ತುಂಬಬೇಕಾಗುತ್ತದೆ. ಹೋದವನು ತನ್ನ ಸ್ಥಿತಿ ಬದಲಾದದ್ದನ್ನು ಬಾಯಿಬಿಟ್ಟು ಹೇಳಿದ್ದರೆ ಇಷ್ಟೂ ತಪ್ಪುತ್ತಿತ್ತು.

ಸಂಬಳದಲ್ಲೇ ಟಿಡಿಎಸ್ ಹಿಡಿದಿದ್ದಾರಲ್ಲ, ಇನ್ನೇನು ಬಾಕಿ ಎಂಬುದು ಹೊರಡುವವರ ವಾದ. ಅದು ಅರ್ಧ ಸತ್ಯ. ಕೆಲಸಕ್ಕೆಂದು ಹೊರಗೆ ಹೋಗುವ ಭಾರತೀಯ ಆ ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿ ಇದ್ದುಬಿಟ್ಟರೆ ನಿವಾಸಿಯಾಗಿಯೇ ಉಳಿಯುತ್ತಾನೆ. ಸೆಪ್ಟೆಂಬರ್ ಮಧ್ಯದಲ್ಲಿ ಹೊರಟವನಿಗೂ ಡಿಸೆಂಬರಿನಲ್ಲಿ ಹೊರಟವನಿಗೂ ಇದರಿಂದಲೇ ವ್ಯತ್ಯಾಸ. ಎರಡನೆಯವನು ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಗಳಿಸಿದ್ದನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಎರಡು ಕಡೆ ತೆರಿಗೆ ಬೀಳದಂತೆ ಒಪ್ಪಂದದ ವಿನಾಯಿತಿ ಕೇಳಬಹುದು, ತೋರಿಸದೆ ಇರುವಂತಿಲ್ಲ. ಬಾಡಿಗೆ, ಠೇವಣಿ ಬಡ್ಡಿ, ಷೇರು ಮಾರಿದ ಲಾಭ ಯಾವುದೂ ಸಾಮಾನ್ಯವಾಗಿ ಸಂಬಳದ ಟಿಡಿಎಸ್‌ನೊಳಗೆ ಸೇರಿರುವುದಿಲ್ಲ.

ಹಾಗಾದರೆ ಎಲ್ಲರಿಗೂ ಪತ್ರ ಕಡ್ಡಾಯ ಮಾಡಿ ಎನ್ನುತ್ತೀರಾ ಎಂದು ಕೇಳಬಹುದು. ಖಂಡಿತ ಇಲ್ಲ. ಈ ಪತ್ರದ ನಿಯಮವನ್ನು ಸಡಿಲಿಸಿದ 2003ರ ತಿದ್ದುಪಡಿಗೆ ಮುಂಚಿನ ಅಲೆದಾಟ ಮರಳಿ ಬರಬಾರದು. ಅಧಿಕಾರಿಯ ಮೇಜಿನ ಮುಂದೆ ಕಾಯುವವರು ಯಾವಾಗಲೂ ಪ್ರಾಮಾಣಿಕರೇ. ನಾನು ಕೇಳುವುದು ಕಂಪನಿಗಳ ಜವಾಬ್ದಾರಿಯನ್ನು. ಲ್ಯಾಪ್‌ಟಾಪು, ಗುರುತಿನ ಚೀಟಿ ವಾಪಸು ಪಡೆಯುವ ಎಚ್‌ಆರ್ ವಿಭಾಗ, ಹೊರಡುವವನ ಆ ವರ್ಷದ ತೆರಿಗೆ ಲೆಕ್ಕವನ್ನೂ ಅವನನ್ನು ಮುಂದೆ ಕೂರಿಸಿಕೊಂಡು ಮುಗಿಸಿಕೊಡಲಿ. ಬಾಡಿಗೆ ಕರಾರಿನಲ್ಲಿ, ಕ್ರಯಪತ್ರದಲ್ಲಿ ಮಾಲೀಕ ನಿವಾಸಿಯೋ ಅನಿವಾಸಿಯೋ ಎಂದು ಬರೆಯುವುದನ್ನು ಸರ್ಕಾರ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ, ಹೆಬ್ಬಾಳದಲ್ಲೋ ಆರ್‌.ಟಿ. ನಗರದಲ್ಲೋ ಮನೆ ಹಿಡಿಯಲಿರುವ ಓದುಗರೇ, ಅಡ್ವಾನ್ಸ್ ಕೊಡುವ ಮೊದಲು ಮಾಲೀಕರಿಂದ ಈ ಒಂದು ಮಾತನ್ನು ಬರಹದಲ್ಲಿ ಪಡೆಯಿರಿ. ಬರೆದುಕೊಡಲು ಒಪ್ಪದವರ ಮನೆ ಬೇಡ.